ತಾಳೆಯಾದದ್ದೆಲ್ಲ ಸರಿಯಲ್ಲ: ಸ್ಕ್ಯಾನಿನ ಬಿಂದುಗಳನ್ನು ನಕ್ಷೆಗೆ ಹೊಂದಿಸುವ ಪಾಠ



ತಾಳೆಪಟ್ಟಿಯ ಎರಡೂ ಬದಿ ಸಮವಾದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎನ್ನಲಾಗದು. ಒಂದು ತಪ್ಪನ್ನು ಇನ್ನೊಂದು ತಪ್ಪು ಸರಿದೂಗಿಸಿ ಮುಚ್ಚಿಬಿಡಬಹುದು ಎಂದು ಪ್ರಥಮ ಪಿಯುಸಿಯಲ್ಲಿ ಓದಿದ್ದೇವೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೇನೆ. ಆದರೆ ಅದು ನಿಜವಾಗಿ ಅರ್ಥವಾದದ್ದು ಕಳೆದ ಬೇಸಿಗೆ ರಜೆಯಲ್ಲಿ, ಮಾಮೂ ಅವರ ಸಣ್ಣ ವರ್ಕ್‌ಶಾಪಿನಲ್ಲಿ ಬಿಲ್ಲು ಬರೆಯುತ್ತಾ ಕುಳಿತಿದ್ದಾಗ.

ಅಲ್ಲಿ ಉದ್ದನೆಯ ಉಕ್ಕಿನ ಪಟ್ಟಿಗಳಿಗೆ ಒಂದೇ ಸಾಲಿನಲ್ಲಿ ಐದು ರಂಧ್ರ ಕೊರೆಯುವ ಕೆಲಸ ನಡೆಯುತ್ತಿತ್ತು. ಒಂದು ಪಟ್ಟಿ ವಾಪಸ್ ಬಂತು. ಐದನೇ ರಂಧ್ರಕ್ಕೆ ಬೋಲ್ಟ್ ಹೋಗುತ್ತಿಲ್ಲ ಎಂದು ದೂರು. ಹೊರಗೆ ಸ್ಕ್ಯಾನ್ ಮಾಡಿಸಿದಾಗ ವರದಿ ಬೇರೆಯೇ ಹೇಳಿತು: ಮೊದಲ ನಾಲ್ಕು ರಂಧ್ರಗಳು ಎಡಕ್ಕೆ 0.1 ಮಿಲಿಮೀಟರ್, ಐದನೆಯದು ಬಲಕ್ಕೆ 0.4 ಮಿಲಿಮೀಟರ್ ಸರಿದಿವೆ; ಅನುಮತಿಸಿದ ಮಿತಿ 0.4, ಆದ್ದರಿಂದ ಎಲ್ಲವೂ ಪಾಸ್. ನಾಲ್ಕೂ ಒಂದೇ ಕಡೆಗೆ ಸರಿದಿವೆಯಲ್ಲ, ಹಾಗಾದರೆ ಮೆಷಿನ್ನಿನ ಸೆಟ್ಟಿಂಗೇ ತಪ್ಪಿದೆ ಎಂದು ಮಾಮೂ ತೀರ್ಮಾನಿಸಿದರು. ಮೆಷಿನ್ ನಡೆಸುವ ಚಾಚಾ ಮಾತ್ರ, "ನನ್ನ ನಾಲ್ಕು ರಂಧ್ರ ಸರಿಯಾಗಿವೆ" ಎಂದು ಹಟ ಹಿಡಿದರು. ಕಾಗದ ಒಂದು ಹೇಳುತ್ತಿರುವಾಗ ಅವರ ಮಾತನ್ನು ಕೇಳುವವರಾರು?

ಡಿಪ್ಲೊಮಾ ಓದುತ್ತಿರುವ ನನ್ನ ಭಾಯಿಜಾನ್ ಸ್ಕ್ಯಾನಿನ ಫೈಲನ್ನು ತರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ತೆರೆದರು. ಅವರಿಂದ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಬಿಂದುಗಳ ಮೋಡ

ಸ್ಕ್ಯಾನರ್ ವಸ್ತುವಿನ ಮೇಲ್ಮೈಯಿಂದ ಲಕ್ಷಗಟ್ಟಲೆ ಬಿಂದುಗಳನ್ನು ಎತ್ತಿಕೊಳ್ಳುತ್ತದೆ. ಪ್ರತಿ ಬಿಂದುವಿಗೂ ಮೂರು ಸಂಖ್ಯೆಗಳು: ಎಕ್ಸ್, ವೈ, ಝಡ್. ಇದೇ ಪಾಯಿಂಟ್ ಕ್ಲೌಡ್. ಇನ್ನೊಂದು ಕಡೆ ಇಂಜಿನಿಯರ್ ಬರೆದ ಕ್ಯಾಡ್ ಮಾದರಿ ಇರುತ್ತದೆ. ಸ್ಕ್ಯಾನರ್ ಎಲ್ಲಿ ನಿಂತು ನೋಡಿತೋ ಅಲ್ಲಿಂದ ಅದರ ಅಳತೆ ಶುರುವಾಗುವುದರಿಂದ ಎರಡೂ ಪರದೆಯ ಮೇಲೆ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಓರೆಯಲ್ಲಿ ಬಿದ್ದಿರುತ್ತವೆ. ಒಂದರ ಮೇಲೊಂದು ಕೂರಿಸಿದರೆ ಮಾತ್ರ ಹೋಲಿಸಬಹುದು. ಕೂರಿಸಲು ಆರು ಚಲನೆಗಳನ್ನು ನಿರ್ಧರಿಸಬೇಕು: ಮೂರು ದಿಕ್ಕಿನಲ್ಲಿ ಸರಿಸುವುದು, ಮೂರು ಅಕ್ಷಗಳ ಸುತ್ತ ತಿರುಗಿಸುವುದು.

ಬೆಸ್ಟ್ ಫಿಟ್

ಮೊದಲು ಎರಡರಲ್ಲೂ ಕಾಣುವ ಕನಿಷ್ಠ ಮೂರು ಸ್ಥಳಗಳನ್ನು ಗುರುತಿಸಿ ಒರಟಾಗಿ ಹೊಂದಿಸುತ್ತಾರೆ. ಆ ಮೂರೂ ಒಂದೇ ಗೆರೆಯಲ್ಲಿ ಇರಬಾರದು. ಬಳಿಕ ತಂತ್ರಾಂಶವು ಪ್ರತಿ ಬಿಂದುವಿಗೂ ಮಾದರಿಯಲ್ಲಿ ಅತಿ ಹತ್ತಿರದ ಬಿಂದುವನ್ನು ಹುಡುಕಿ, ದೂರಗಳ ವರ್ಗಗಳ ಮೊತ್ತ ಆದಷ್ಟು ಕಡಿಮೆಯಾಗುವಂತೆ ಮೋಡವನ್ನು ಸರಿಸುತ್ತದೆ; ಮತ್ತೆ ಹುಡುಕುತ್ತದೆ, ಮತ್ತೆ ಸರಿಸುತ್ತದೆ. ಪೌಲ್ ಬೆಸ್ಲ್ ಮತ್ತು ನೀಲ್ ಮೆಕೇ 1992ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಐಸಿಪಿ ಎಂದು ಹೆಸರು. ಒರಟು ಹೊಂದಾಣಿಕೆ ಕೆಟ್ಟಿದ್ದರೆ ಇದು ತಪ್ಪು ಜಾಗದಲ್ಲೇ ಸಿಕ್ಕಿಕೊಂಡು, ಕೆಲಸ ಮುಗಿಯಿತು ಎಂದುಬಿಡುತ್ತದೆ.

ನಮ್ಮ ಪಟ್ಟಿಯ ವರದಿಯಲ್ಲಿ ಐದು ರಂಧ್ರಗಳ ಕೇಂದ್ರಗಳನ್ನಷ್ಟೇ ತೆಗೆದುಕೊಂಡು ಬೆಸ್ಟ್ ಫಿಟ್ ಮಾಡಿದ್ದರು. ಈಗ ಲೆಕ್ಕ ನೋಡಿ. ನಿಜವಾದ ದೋಷಗಳು 0, 0, 0, 0, 0.5 ಎಂದುಕೊಳ್ಳಿ. ವರ್ಗಗಳ ಮೊತ್ತ ಕನಿಷ್ಠವಾಗಬೇಕಾದರೆ ಎಲ್ಲವನ್ನೂ ಸರಾಸರಿಯಷ್ಟು, ಅಂದರೆ 0.5 ಭಾಗಿಸು 5, 0.1ರಷ್ಟು ಸರಿಸಬೇಕು. ಆಗ ಉಳಿಯುವುದು -0.1, -0.1, -0.1, -0.1, +0.4. ಕೂಡಿಸಿದರೆ ಸೊನ್ನೆ! ತಾಳೆಪಟ್ಟಿ ತಾಳೆಯಾಯಿತು. ಮಿತಿ ದಾಟಿದ ರಂಧ್ರ ಪಾಸಾಯಿತು. ಏನೂ ತಪ್ಪು ಮಾಡದ ನಾಲ್ಕರ ತಲೆಗೆ ತಪ್ಪು ಬಂತು. ತಂತ್ರಾಂಶ ತೋರಿಸುವ ಆರ್‌ಎಂಎಸ್ ದೋಷ ಬರೀ 0.2. ಆ ಒಂದು ಸಂಖ್ಯೆಯನ್ನು ನೋಡಿದವರಿಗೆ ಯಾವ ರಂಧ್ರ ಕೆಟ್ಟಿದೆ ಎಂದು ಗೊತ್ತಾಗುವುದಿಲ್ಲ.

ಮೂರು-ಎರಡು-ಒಂದು

ಭಾಯಿಜಾನ್ ಮಾಡಿದ್ದು ಇಷ್ಟೇ. ನಕ್ಷೆಯಲ್ಲಿ ಅಳತೆಗಳನ್ನು ಎಲ್ಲಿಂದ ಕೊಟ್ಟಿದ್ದಾರೆ ಎಂದು ನೋಡಿದರು. ಅವು ಪಟ್ಟಿಯ ತಳ, ಉದ್ದನೆಯ ಅಂಚು ಮತ್ತು ಎಡತುದಿಯಿಂದ ಇದ್ದವು. ತಳದಲ್ಲಿ ಮೂರು ಬಿಂದು ಹಿಡಿದರೆ ಆರು ಚಲನೆಗಳಲ್ಲಿ ಮೂರು ನಿಲ್ಲುತ್ತವೆ. ಉದ್ದನೆಯ ಅಂಚಿನಲ್ಲಿ ಎರಡು ಬಿಂದು ಹಿಡಿದರೆ ಇನ್ನೆರಡು. ತುದಿಯಲ್ಲಿ ಒಂದು ಹಿಡಿದರೆ ಕೊನೆಯದು. ಹೀಗೆ ಹೊಂದಿಸಿದ ಮೇಲೆ ನಾಲ್ಕು ರಂಧ್ರಗಳ ದೋಷ ಸೊನ್ನೆಯ ಹತ್ತಿರ ಬಂತು, ಐದನೆಯದು 0.5 ತೋರಿಸಿತು.

ಕಾರಣವೂ ಸಿಕ್ಕಿತು. ಪಟ್ಟಿ ಉದ್ದವಾದ್ದರಿಂದ ಐದನೇ ರಂಧ್ರಕ್ಕೆ ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಆ ಹೊತ್ತಿಗೆ ಅಂಚು ತಾಗುವ ಜಾಗದಲ್ಲಿ ಲೋಹದ ಚೂರೊಂದು ಉಳಿದುಹೋಗಿತ್ತು. ಸರಿಯಿದ್ದ ಮೆಷಿನ್ನನ್ನು ವರದಿ ನಂಬಿ 0.1 ತಿರುಗಿಸಿದ್ದರೆ ಮುಂದಿನ ಪಟ್ಟಿಗಳ ಒಳ್ಳೆಯ ರಂಧ್ರಗಳೂ ಕೆಡುತ್ತಿದ್ದವು. ಮಾಮೂ ಚಾಚಾಗೆ ಏನೂ ಹೇಳಲಿಲ್ಲ, ಅವರಿಗೆ ತಾವೇ ಚಹಾ ತಂದುಕೊಟ್ಟರು. ಮರುದಿನದಿಂದ ಪಟ್ಟಿ ಕಟ್ಟುವ ಮುನ್ನ ಬ್ರಷ್‌ನಿಂದ ಒರೆಸುವುದು ನಿಯಮವಾಯಿತು.

ಹಾಗೆಂದು ಬೆಸ್ಟ್ ಫಿಟ್ ಕೆಟ್ಟದ್ದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಟಲಿಯಲ್ಲಿ ಮೈಕೆಲಾಂಜೆಲೊನ ಡೇವಿಡ್ ಪ್ರತಿಮೆಯನ್ನು ಸ್ಕ್ಯಾನ್ ಮಾಡಿದಾಗ ಬಿಡಿ ಬಿಡಿ ಸ್ಕ್ಯಾನ್‌ಗಳನ್ನು ಜೋಡಿಸಲು ಇಂಥ ವಿಧಾನವೇ ಬೇಕಾಯಿತು. ಪ್ರತಿಮೆಗೆ ಅಳತೆ ಶುರುಮಾಡುವ ಅಂಚು ಎಲ್ಲಿದೆ? ಆದರೆ ಬೋಲ್ಟ್ ಹಾಕಿ ಕೂರಿಸುವ ಭಾಗಕ್ಕೆ, ಅದು ಎಲ್ಲಿ ಕೂರುತ್ತದೋ ಅಲ್ಲಿಂದಲೇ ಅಳೆಯಬೇಕು.

ನೀವೂ ಮಾಡಿ ನೋಡಬೇಕೆಂದರೆ ಕ್ಲೌಡ್‌ಕಂಪೇರ್ ಎಂಬ ಉಚಿತ ತಂತ್ರಾಂಶವಿದೆ. ಮೂರು ಬಿಂದುಗಳ ಜೋಡಣೆ, ಐಸಿಪಿ ಎರಡೂ ಅದರಲ್ಲಿವೆ. ವಿಜ್ಞಾನ ವಿಭಾಗದವರಿಗೆ ಮಾತ್ರ ಎಂದು ವಾಣಿಜ್ಯದವರು ಹಿಂಜರಿಯಬೇಡಿ. ಒಟ್ಟು ಮೊತ್ತವನ್ನು ನಂಬಿ ಸುಮ್ಮನಾಗದೆ ಒಂದೊಂದೇ ನಮೂದನ್ನು ಮೂಲ ವೋಚರಿನೊಂದಿಗೆ ಹೋಲಿಸುವುದು ನಮಗೆ ಹೊಸದಲ್ಲ. ಯಾವುದೇ ವರದಿ ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದನ್ನು ಎಲ್ಲಿಂದ ಅಳೆದಿರಿ?