ಮೋಟರ್ ಸುಡುವ ಮೊದಲು ವೋಲ್ಟೇಜ್ ಅಳೆಯಿರಿ

ಬೇಸಿಗೆ ಬಂತೆಂದರೆ ವೈಂಡಿಂಗ್ ಅಂಗಡಿಗಳ ಮುಂದೆ ಸುಟ್ಟ ಮೋಟರ್‌ಗಳ ಸಾಲು. ಏನಾಯಿತು ಎಂದರೆ ಎಲ್ಲರದೂ ಒಂದೇ ಉತ್ತರ: ‘ಲೋ ವೋಲ್ಟೇಜ್’. ಉತ್ತರ ಸುಳ್ಳಲ್ಲ, ಆದರೆ ಅರ್ಧ. ವೋಲ್ಟೇಜ್ ಸಬ್‌ಸ್ಟೇಷನ್‌ನಿಂದಲೇ ಕಡಿಮೆ ಬಂತೋ, ಟಿ.ಸಿ.ಯಲ್ಲಿ (ಟ್ರಾನ್ಸ್‌ಫಾರ್ಮರ್‌ನಲ್ಲಿ) ಕುಸಿಯಿತೋ, ಇಲ್ಲಾ ನಮ್ಮದೇ ಕೇಬಲ್‌ನಲ್ಲಿ ಕರಗಿತೋ? ಮೂರಕ್ಕೂ ಮದ್ದು ಬೇರೆ.

ಮೊದಲು ಅಳತೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಸ್ಟಾರ್ಟರ್‌ಗೆ ಬರುವ ಮೂರೂ ಫೇಸ್‌ಗಳ ನಡುವಿನ ವೋಲ್ಟೇಜ್ ನೋಡಿಸಿ. ಮೋಟರ್ ನಿಂತಿದ್ದಾಗ ಒಮ್ಮೆ, ಓಡುವಾಗ ಒಮ್ಮೆ. ತ್ರೀ ಫೇಸ್ ಬಂದ ಕೂಡಲೇ ಅಳೆದು, ಎರಡು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಇರಬೇಕಾದದ್ದು 415 ವೋಲ್ಟ್. ಶೇ 6ರಷ್ಟು ಏರುಪೇರು ಸಹಜ ಎಂದರೆ 390ರಿಂದ 440ರವರೆಗೆ ಚಿಂತೆಯಿಲ್ಲ. ನಿಮ್ಮ ಮೋಟರ್ ನಿಂತಿದ್ದಾಗಲೂ 360 ತೋರಿಸಿದರೆ ತೊಂದರೆ ಲೈನಿನದು ಅಥವಾ ಟಿ.ಸಿ.ಯದು. ನಿಂತಾಗ 410 ಇದ್ದು, ಸ್ವಿಚ್ ಒತ್ತಿದೊಡನೆ 370ಕ್ಕೆ ಇಳಿದರೆ ನಿಮ್ಮ ಸರ್ವಿಸ್ ವೈರ್ ಮತ್ತು ಜಾಯಿಂಟುಗಳ ಮೇಲೆ ಮೊದಲ ಅನುಮಾನ ಇರಲಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿಯನ್ನು ಸುಮ್ಮನೆ ಸುತ್ತಿ ಟೇಪ್ ಹಚ್ಚಿದ ಜಾಗ ಕಪ್ಪಾಗಿರುತ್ತದೆ. ಅಲ್ಲಿ ಬೈಮೆಟಲ್ ಲಗ್ ಹಾಕಿಸಿ.

ಸ್ಟಾರ್ಟರ್‌ನಿಂದ ಕೊಳವೆಬಾವಿಯ ತಳದವರೆಗಿನ ನಷ್ಟ ಮೀಟರಿಗೆ ಕಾಣುವುದಿಲ್ಲ, ಲೆಕ್ಕ ಹಾಕಬೇಕು. 10 ಆಂಪಿಯರ್ ಎಳೆಯುವ ಮೋಟರ್, 200 ಮೀಟರ್ ತಾಮ್ರದ ಕೇಬಲ್ ಎಂದುಕೊಳ್ಳಿ. 2.5 ಚದರ ಮಿ.ಮೀ. ಕೇಬಲ್‌ನಲ್ಲಿ ಸುಮಾರು 20 ವೋಲ್ಟ್ ಅಲ್ಲೇ ಹೋಯಿತು. 4 ಚದರ ಮಿ.ಮೀ. ಆದರೆ 13, 6 ಹಾಕಿದರೆ 9ರ ಆಸುಪಾಸು. ಸ್ಟಾರ್ಟ್ ಆಗುವ ಗಳಿಗೆಯಲ್ಲಿ ನಷ್ಟ ಇನ್ನೂ ಹೆಚ್ಚು. ವೋಲ್ಟೇಜ್ ಶೇ 10 ಇಳಿದರೆ ಮೋಟರ್ ತಿರುಗುವ ಬಲ ಶೇ 19 ಇಳಿಯುತ್ತದೆ. ಮೋಟರ್ ಗುರುಗುಟ್ಟಿ ಏಳದೆ ಕೂರುವುದು ಇದಕ್ಕೇ. ಬಾವಿ ಆಳವಿದ್ದರೆ ಒಂದು ಅಳತೆ ದಪ್ಪದ ಕೇಬಲ್ ಕೊಳ್ಳಿ. ಮೋಟರಿಗೆ ಸಾವಿರಾರು ರೂಪಾಯಿ ಸುರಿದು ಕೇಬಲ್‌ನಲ್ಲಿ ಉಳಿಸುವ ಲೆಕ್ಕ ನನಗಂತೂ ಅರ್ಥವಾಗಿಲ್ಲ.

ಕೆಪಾಸಿಟರ್ ಮರೆಯಬೇಡಿ. 5 ಎಚ್.ಪಿ.ಗೆ 2 ಕೆ.ವಿ.ಎ.ಆರ್., 10 ಎಚ್.ಪಿ.ಗೆ 4. ಸ್ಟಾರ್ಟರಿನಿಂದ ಮೋಟರಿಗೆ ಹೋಗುವ ಬದಿಯಲ್ಲಿ ಕೂರಿಸಿದರೆ ಮೋಟರ್ ಜೊತೆಗೇ ಆನ್, ಜೊತೆಗೇ ಆಫ್. ಲೈನಿನಿಂದ ಎಳೆಯುವ ಕರೆಂಟ್ ಸುಮಾರು ಆರರಲ್ಲಿ ಒಂದು ಪಾಲು ತಗ್ಗುತ್ತದೆ. ಬಾವಿಯೊಳಗಿನ ಕೇಬಲ್‌ಗೆ ಮಾತ್ರ ಇದರಿಂದ ಲಾಭವಿಲ್ಲ.

ಇಷ್ಟು ಮಾಡಿಯೂ ತ್ರೀ ಫೇಸ್ ಬಂದೊಡನೆ ಟಿ.ಸಿ. ಫ್ಯೂಸ್ ಹಾರುತ್ತಿದ್ದರೆ ಕಾರಣ ‘ಆಟೊ’, ಅಂದರೆ ಕರೆಂಟ್ ಬಂದೊಡನೆ ಮೋಟರನ್ನು ತಾನೇ ಎಬ್ಬಿಸುವ ಸ್ವಿಚ್. 63 ಕೆ.ವಿ.ಎ. ಟಿ.ಸಿ. ಕೊಡಬಲ್ಲದ್ದು ಸುಮಾರು 85 ಆಂಪಿಯರ್. ತಲಾ 9 ಆಂಪಿಯರಿನ ಎಂಟು ಮೋಟರ್ ಓಡಿದರೆ 72, ನೆಮ್ಮದಿ. ಆದರೆ ನೇರ ಸ್ಟಾರ್ಟರ್‌ನಲ್ಲಿ ಏಳುವಾಗ ಪ್ರತಿಯೊಂದೂ ಆರು ಪಟ್ಟು ಎಳೆಯುತ್ತದೆ. ಎಂಟೂ ಒಟ್ಟಿಗೆ ಎದ್ದರೆ 430 ದಾಟಿತು! ಈ ಎಳೆತ ಕೆಲವೇ ಸೆಕೆಂಡಿನದು. ಆದ್ದರಿಂದ ಪರಿಹಾರವೂ ಅಗ್ಗ. ಆಟೊ ಸ್ವಿಚ್ ಜೊತೆ ಡಿಲೇ ಟೈಮರ್ ಹಾಕಿಸಿ, ಒಬ್ಬರಿಗೊಬ್ಬರು ಒಂದೊಂದು ನಿಮಿಷದ ಅಂತರ ಇಟ್ಟುಕೊಳ್ಳಿ. ಕೆರೆ ನೀರಿಗೆ ನೀರುಗಂಟಿ ಸರದಿ ನಿಲ್ಲಿಸುತ್ತಿದ್ದಂತೆ ಒಂದು ಟಿ.ಸಿ.ಗೆ ಒಂದು ಪಟ್ಟಿ ಸಾಕು. ಲೈನಿನ ತುದಿಯವರ ಹೆಸರು ಮೊದಲು ಬರೆಯಿರಿ. ಅಲ್ಲಿಗೆ ತಲುಪುವ ವೋಲ್ಟೇಜೇ ಕಡಿಮೆ, ಲೈನ್ ಖಾಲಿ ಇರುವಾಗ ಅವರ ಮೋಟರ್ ಏಳಲಿ. ಓಡುವಾಗಲೂ ಟಿ.ಸಿ. ಭಾರ ಮೀರಿದರೆ ದಿನಕ್ಕೆ ಸಿಗುವ ಏಳು ಗಂಟೆಯ ತ್ರೀ ಫೇಸನ್ನು ಎರಡು ಪಾಳಿ ಮಾಡಿಕೊಳ್ಳದೆ ವಿಧಿಯಿಲ್ಲ.

ಕೆಲವು ಕೆಲಸ ಮಾಡಲೇಬೇಡಿ. ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗುತ್ತದೆಂದು ಓವರ್‌ಲೋಡ್ ರಿಲೇ ಏರಿಸಬೇಡಿ. ಮೋಟರಿನ ಫಲಕದಲ್ಲಿರುವ ಆಂಪಿಯರಿಗೇ ಅದು ನಿಲ್ಲಬೇಕು. ಫ್ಯೂಸಿಗೆ ದಪ್ಪ ತಂತಿ ಕಟ್ಟಬೇಡಿ. ರಾತ್ರಿಯ ಸಿಂಗಲ್ ಫೇಸ್‌ನಲ್ಲಿ ಕೆಪಾಸಿಟರ್ ಇಟ್ಟು ತ್ರೀ ಫೇಸ್ ಮೋಟರ್ ಓಡಿಸಬೇಡಿ. ಟಿ.ಸಿ. ಕಂಬ ಹತ್ತುವ ಕೆಲಸ ಪವರ್‌ಮನ್‌ಗೆ ಬಿಡಿ.

ಟಿ.ಸಿ. ಸಾಲದೆಂದು ಅಳತೆಯಿಂದ ಖಚಿತವಾದರೆ 1912ಕ್ಕೆ ದೂರು ಕೊಟ್ಟು ಸುಮ್ಮನಾಗಬೇಡಿ. ಆ ಟಿ.ಸಿ.ಯ ರೈತರೆಲ್ಲ ಸೇರಿ ಸೆಕ್ಷನ್ ಕಚೇರಿಗೆ ಅರ್ಜಿ ಕೊಡಿ. ಯಾವ ದಿನ, ಯಾವ ಹೊತ್ತು, ಎಷ್ಟು ವೋಲ್ಟೇಜ್ ಎಂಬುದನ್ನೂ ಪ್ರತಿ ಮೋಟರಿನ ಎಚ್.ಪಿ.ಯನ್ನೂ ಅದರಲ್ಲಿ ಬರೆಯಿರಿ. ಅನಧಿಕೃತ ಪಂಪ್‌ಸೆಟ್ ಇದ್ದರೆ ಮೊದಲು ಸಕ್ರಮ ಮಾಡಿಸಿ. ಇಲ್ಲದಿದ್ದರೆ ಸುಡುತ್ತಿರುವ ಟಿ.ಸಿ. ಕಡತದಲ್ಲಿ ಹಗುರವಾಗಿಯೇ ಕಾಣುತ್ತದೆ. ಅರ್ಜಿಗೆ ಸ್ವೀಕೃತಿ ಪಡೆಯದೆ ಕಚೇರಿ ಮೆಟ್ಟಿಲು ಇಳಿಯಬೇಡಿ.