ಸತುವಿನ ಮಾತ್ರೆಗೆ ಮುಟ್ಟು ಸರಿಹೋದೀತೆ?

ಪುಟ್ಟೇನಹಳ್ಳಿಯ ನನ್ನ ಕ್ಲಿನಿಕ್ಕಿಗೆ ತಾಯಿಯೊಬ್ಬರು ಇಪ್ಪತ್ತೆರಡರ ಮಗಳನ್ನು ಕರೆತಂದರು. ಕೈಯಲ್ಲಿ ರಕ್ತಪರೀಕ್ಷೆಯ ವರದಿ, ಚೀಲದಲ್ಲಿ ಮೂರು ಮಾತ್ರೆ ಡಬ್ಬಿ. "ಡಾಕ್ಟ್ರೇ, ಇವಳಿಗೆ ಸತು ಕಡಿಮೆಯಂತೆ, ತಾಮ್ರ ಜಾಸ್ತಿಯಂತೆ. ಪಿ.ಸಿ.ಓ.ಎಸ್. ಬಂದಿರೋದು ಅದಕ್ಕೇನಾ?" ವರದಿ ಆರು ತಿಂಗಳ ಹಿಂದಿನದು. ಅದನ್ನು ನೋಡಿ ಹುಡುಗಿ ಹಾರ್ಮೋನ್ ಮಾತ್ರೆ ಬಿಟ್ಟು ಡಬ್ಬಿಗಳನ್ನು ಹಿಡಿದಿದ್ದಳು. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ ಎಂಬುದು ಕೊನೆಗೆ ಹೊರಬಂತು.

ಪಿ.ಸಿ.ಓ.ಎಸ್. ಹೊಸ ಕಾಯಿಲೆಯಲ್ಲ. ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು 1935ರಲ್ಲೇ ಇದನ್ನು ವರ್ಣಿಸಿದ್ದರು. ಅಂಡಾಣು ತಿಂಗಳು ತಿಂಗಳು ಬಿಡುಗಡೆಯಾಗುವುದಿಲ್ಲ. ಪುರುಷ ಹಾರ್ಮೋನಿನ ಅಂಶ ಹೆಚ್ಚುತ್ತದೆ. ಅನೇಕರಲ್ಲಿ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ.

ಸತು, ತಾಮ್ರ, ಸೆಲೆನಿಯಂ, ಕ್ರೋಮಿಯಂ ಇವು ದೇಹಕ್ಕೆ ಲೇಶಮಾತ್ರ ಬೇಕಾದ ಖನಿಜಗಳು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ದಾಸ್ತಾನಾಗಲು ಸತು ಬೇಕು. ಆದ್ದರಿಂದ ಸಂಶೋಧಕರಿಗೆ ಇವುಗಳ ಮೇಲೆ ಕಣ್ಣು ಬಿದ್ದದ್ದು ಸಹಜ. ಪಿ.ಸಿ.ಓ.ಎಸ್. ಇರುವವರ ರಕ್ತದಲ್ಲಿ ತಾಮ್ರ ತುಸು ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸತುವಿನ ವಿಷಯದಲ್ಲಿ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಅದು ಕಾರಣವೋ ಪರಿಣಾಮವೋ ಇನ್ನೂ ಇತ್ಯರ್ಥವಾಗಿಲ್ಲ.

ಇನ್ನೊಂದು ತೊಡಕು ಪರೀಕ್ಷೆಯದೇ. ದೇಹದ ಸತುವಿನಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಪಾಲು ಮಾತ್ರ ರಕ್ತದ ದ್ರವದಲ್ಲಿರುತ್ತದೆ. ಜ್ವರ ಬಂದರೂ ಅದು ಇಳಿಯುತ್ತದೆ. ಈಸ್ಟ್ರೋಜೆನ್ ಇರುವ ಮಾತ್ರೆ ನುಂಗುತ್ತಿದ್ದರೆ ರಕ್ತದಲ್ಲಿ ತಾಮ್ರ ಏರುತ್ತದೆ. ಈ ಹುಡುಗಿ ರಕ್ತ ಕೊಟ್ಟಾಗ ನುಂಗುತ್ತಿದ್ದುದು ಅದನ್ನೇ! ಪಾಪ, ವರದಿಯಲ್ಲಿ ಅದನ್ನು ಯಾರು ಬರೆಯುತ್ತಾರೆ?

ಡಬ್ಬಿಗಳು ನಿರಪಾಯಕಾರಿಯೆಂದೂ ಹೇಳಲಾರೆ. ದಿನಕ್ಕೆ 40 ಮಿಲಿಗ್ರಾಂ ಮೀರಿ ಸತುವನ್ನು ಬಹುಕಾಲ ತಿಂದರೆ ತಾಮ್ರ ಕುಸಿದು ರಕ್ತಹೀನತೆ ಬರಬಹುದು. ಕೂದಲು ಉದುರುತ್ತದೆಂದು ಇವಳು ಸೆಲೆನಿಯಂ ತಿನ್ನುತ್ತಿದ್ದಳು. ಸೆಲೆನಿಯಂ ಅತಿಯಾದರೂ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಹೆಂಗಸಿಗೆ ದಿನಕ್ಕೆ ಸುಮಾರು 13 ಮಿಲಿಗ್ರಾಂ ಸತು ಬೇಕು. ಕಾಳು, ಎಳ್ಳು, ಕಡಲೆಕಾಯಿ, ಮೊಟ್ಟೆ, ಮಾಂಸದಲ್ಲಿ ಅದಿದೆ. ರಾಗಿಯಲ್ಲೂ ಇದೆ, ಆದರೆ ಧಾನ್ಯ, ಕಾಳುಗಳಲ್ಲಿರುವ ಫೈಟೇಟ್ ಅದನ್ನು ಹೀರಲು ಬಿಡುವುದಿಲ್ಲ. ಮೊಳಕೆ ಕಟ್ಟಿದರೆ ಫೈಟೇಟ್ ಕಡಿಮೆಯಾಗುತ್ತದೆ. ಮೊಳಕೆ ಹುರುಳಿಯ ಸಾರು ಮಾಡುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಫೈಟೇಟಿನ ಹೆಸರು ಗೊತ್ತಿರಲಿಲ್ಲ ಅಷ್ಟೆ. ಮುದ್ದೆ ಮಾತ್ರ ಒಂದೇ ಸಾಕು.

ಪರೀಕ್ಷೆಗೆ ಹಣ ಹಾಕುವುದಾದರೆ ಸಕ್ಕರೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಹಿಮೋಗ್ಲೋಬಿನ್ ಇವು ಮೊದಲು. ತೂಕ ಹೆಚ್ಚಿರುವವರು ಶೇಕಡಾ 5 ಇಳಿಸಿದರೂ, ಅಂದರೆ 70 ಕಿಲೋದವರು ಮೂರೂವರೆ ಕಿಲೋ, ಹಲವರಲ್ಲಿ ಮುಟ್ಟು ಹಳಿಗೆ ಬರುತ್ತದೆ. ಕೆರೆಯ ದಂಡೆ ಹತ್ತಿರದಲ್ಲೇ ಇದೆ, ನಡೆಯಿರಿ.

ಮೂರು ತಿಂಗಳು ಮುಟ್ಟು ತಪ್ಪಿದರೆ ಕಾಯಬೇಡಿ. ಪದೇ ಪದೇ ಹೀಗಾಗುತ್ತಿದ್ದರೆ ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗಿ ವರ್ಷಗಳ ಮೇಲೆ ಕ್ಯಾನ್ಸರಿಗೂ ದಾರಿಯಾಗಬಹುದು. ಈ ಹುಡುಗಿಗೆ ಡಬ್ಬಿಗಳನ್ನು ನಿಲ್ಲಿಸಿ, ಸ್ತ್ರೀರೋಗ ತಜ್ಞರಿಗೆ ಚೀಟಿ ಬರೆದುಕೊಟ್ಟೆ. ಸಕ್ಕರೆಯ ಪರೀಕ್ಷೆ ತಾಯಿಗೂ ಮಾಡಿಸಲು ಹೇಳಿದ್ದೇನೆ.