ಹಗಲಿನಲ್ಲಿ ಗಿಡವು ಉಸಿರಾಡುವುದೇ?

ಗಿಡಗಳು ಹಗಲು ಆಹಾರ ತಯಾರಿಸಿ ಇರುಳು ಮಾತ್ರ ಉಸಿರಾಡುವುವೆಂದು ಮೇಲ್ತರಗತಿಯ ವಿದ್ಯಾರ್ಥಿಗಳೂ ಬರೆಯುವುದುಂಟು. ದ್ಯುತಿಸಂಶ್ಲೇಷಣೆ, ಶ್ವಸನಗಳ ಸಮೀಕರಣಗಳನ್ನು ಎದುರುಬದುರು ಬರೆಸಿ ಬಾಯಿಪಾಠ ಮಾಡಿಸಿದ ನಮಗೂ ಈ ತಪ್ಪಿನಲ್ಲಿ ಪಾಲುಂಟು. ಆದುದರಿಂದ ಈ ವರ್ಷ ಎರಡು ಸೀಸೆಗಳಲ್ಲಿ ಹಸಿರೆಲೆಗಳನ್ನೂ ತಿಳಿಸುಣ್ಣದ ನೀರಿನ ಪುಟ್ಟ ಬಟ್ಟಲನ್ನೂ ಇಟ್ಟು, ಬಿರಡೆ ಬಿಗಿದು, ಒಂದಕ್ಕೆ ಕಪ್ಪು ಬಟ್ಟೆ ಸುತ್ತಿದೆವು. ಹಗಲಿನಲ್ಲಿಯೇ ಕತ್ತಲ ಸೀಸೆಯ ನೀರು ಹಾಲಿನಂತಾಯಿತು. ಬಿಸಿಲಿನದು ಅಷ್ಟು ಕದಡಲಿಲ್ಲ.

“ಹಾಗಾದರೆ ಬಿಸಿಲಿನಲ್ಲಿ ಎಲೆ ಉಸಿರಾಡುವುದಿಲ್ಲವೇ, ಗುರುಗಳೇ?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಉಸಿರಾಡುತ್ತದೆ, ಆದರೆ ಆಗ ಹುಟ್ಟುವ ಇಂಗಾಲಾಮ್ಲ ವಾಯುವನ್ನು ಎಲೆಯು ಆಹಾರ ತಯಾರಿಕೆಗೆ ತಾನೇ ಬಳಸಿಕೊಳ್ಳುತ್ತದೆ. ಹಸಿರು ಭಾಗಗಳು ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಶುದ್ಧಗೊಳಿಸುವುವೆಂದು ಇಂಗೆನ್‌ಹೌಸ್ 1779ರಲ್ಲಿಯೇ ತೋರಿಸಿದ್ದರು. ಉಸಿರಿಗಾದರೋ ಹಗಲಿರುಳೆಂಬ ಭೇದವಿಲ್ಲ.